ಊರು ಬಿಟ್ಟು ಹೊರಟವರಿಗೆ ಮೆಥಡೋನ್ ಹೊಂದಿಸುವುದು: ನನ್ನ ಅನುಭವ

ಅಮೆರಿಕದ ನ್ಯೂಜೆರ್ಸಿಯಲ್ಲಿ ಒಂದು ಮೆಥಡೋನ್ ಕ್ಲಿನಿಕ್ಕಿನಲ್ಲಿ ನಾನು ನರ್ಸ್. ಹೆರಾಯಿನ್, ಫೆಂಟನಿಲ್ ಚಟದಿಂದ ಹೊರಬರುತ್ತಿರುವವರು ಬೆಳಗಿನ ಜಾವವೇ ನಮ್ಮ ಕಿಟಕಿ ಮುಂದೆ ಸಾಲು ನಿಲ್ಲುತ್ತಾರೆ. ಚಟ ಬಿಡಿಸಲು ದಿನಾ ಕೊಡುವ ಮೆಥಡೋನ್ ಔಷಧಿ ಇಲ್ಲಿ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ಪರವಾನಗಿ ಇರುವ ಕ್ಲಿನಿಕ್ಕಿಗೇ ಬರಬೇಕು. ಹಾಗಾಗಿ ಪರಊರಿಗೆ ಹೊರಡಬೇಕಾದವರಿಗೆ ಟಿಕೆಟ್ಟಿಗಿಂತ ಮೊದಲು ಡೋಸಿನ ಚಿಂತೆ.

ಅದಕ್ಕೆ ಗೆಸ್ಟ್ ಡೋಸಿಂಗ್ ಅಂತ ಒಂದು ದಾರಿ ಇದೆ. ಹೋದ ಊರಿನ ಕ್ಲಿನಿಕ್ ಅಷ್ಟು ದಿನದ ಮಟ್ಟಿಗೆ ನಮ್ಮ ರೋಗಿಗೆ ಡೋಸ್ ಕೊಡುತ್ತದೆ.

ನಾನು ಮೊದಲ ಸಲ ಇದನ್ನು ಹೊಂದಿಸಿದ್ದು ಐವತ್ತು ದಾಟಿದ ಒಬ್ಬರಿಗೆ. ತಾಯಿಗೆ ಹುಷಾರಿಲ್ಲ ಅಂತ ಹತ್ತು ದಿನಕ್ಕೆ ಫ್ಲಾರಿಡಾಕ್ಕೆ ಹೊರಟಿದ್ದರು. ಕಾಗದದಲ್ಲಿ ಏನೂ ಬಿಡಲಿಲ್ಲ. ಮೊದಲು ಅವರ ಸಹಿ ಇರುವ ಒಪ್ಪಿಗೆ ಪತ್ರ. ಚಟದ ಚಿಕಿತ್ಸೆಯ ದಾಖಲೆಗೆ ಇಲ್ಲಿ ಪ್ರತ್ಯೇಕ ಕಾನೂನೇ ಇದೆ, ಒಪ್ಪಿಗೆ ಇಲ್ಲದೆ ಇನ್ನೊಂದು ಕ್ಲಿನಿಕ್ಕಿಗೆ ಹೆಸರು ಹೇಳುವುದೂ ತಪ್ಪು. ಆಮೇಲೆ ಡಾಕ್ಟರ ಆರ್ಡರ್, ಡೋಸ್ ಎಷ್ಟು ಮಿಲಿಗ್ರಾಂ, ಕೊನೆಯ ಡೋಸ್ ಯಾವತ್ತು, ಫೋಟೊ ಇರುವ ಗುರುತಿನ ಚೀಟಿ. ಎಲ್ಲ ಫ್ಯಾಕ್ಸ್ ಆಯಿತು. ದುಡ್ಡು ಯಾರು ಕೊಡುತ್ತಾರೆ ಅಂತ ಮಾತ್ರ ನಾನು ಕೇಳಲೇ ಇಲ್ಲ. ಅವರಿಗೆ ಮೆಡಿಕೇಡ್, ಅಂದರೆ ಆದಾಯ ಕಡಿಮೆ ಇರುವವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಇತ್ತು, ನಮ್ಮಲ್ಲಿ ಕೈಯಿಂದ ಏನೂ ಕಟ್ಟುತ್ತಿರಲಿಲ್ಲ. ಅಲ್ಲೂ ಹಾಗೇ ಅಂದುಕೊಂಡೆ.

ಮೆಡಿಕೇಡನ್ನು ನಡೆಸುವುದು ಆಯಾ ರಾಜ್ಯ. ಗಡಿ ದಾಟಿದರೆ ತುರ್ತು ಚಿಕಿತ್ಸೆ ಬಿಟ್ಟು ಉಳಿದದ್ದಕ್ಕೆ ಸಾಮಾನ್ಯವಾಗಿ ನಡೆಯುವುದಿಲ್ಲ. ಅಲ್ಲಿನ ಕಿಟಕಿಯಲ್ಲಿ ದಿನದ ಲೆಕ್ಕಕ್ಕೆ ನಗದು ಕೇಳಿದರು. ಅವರ ಹತ್ತಿರ ಇದ್ದದ್ದು ಎರಡು ದಿನಕ್ಕೆ ಸಾಲುವಷ್ಟು. ಮೂರನೇ ದಿನ ಡೋಸ್ ತಪ್ಪಿತು. ನಾಲ್ಕನೇ ದಿನ ಬೆಳಿಗ್ಗೆ ನನಗೆ ಫೋನ್. ಮೈಯೆಲ್ಲ ಬೆವರು, ರಾತ್ರಿಯೆಲ್ಲ ನಿದ್ದೆ ಇಲ್ಲ, ಕಾಲು ಸುಮ್ನೆ ಇರುತ್ತಿಲ್ಲ. ತಂಗಿ ಬಂದು ದುಡ್ಡು ಕಟ್ಟಿದ ಮೇಲೆ ಡೋಸ್ ಸಿಕ್ಕಿತು. ಅಷ್ಟರಲ್ಲಿ ಅವರು ಬೀದಿಯ ಮಾಲು ಹುಡುಕಿಕೊಂಡು ಹೋಗದೆ ಇದ್ದದ್ದು ಅವರ ಗಟ್ಟಿತನ. ತಪ್ಪು ನನ್ನದು.

ಈಗ ದುಡ್ಡಿನ ಮಾತು ಮುಗಿಯದೆ ನಾನು ಫ್ಯಾಕ್ಸ್ ಮುಟ್ಟುವುದಿಲ್ಲ. ಮೆಡಿಕೇಡ್ ಇದ್ದರೆ ಅಲ್ಲಿನ ದರ ಕೇಳಿ, ಇಷ್ಟು ದಿನಕ್ಕೆ ಇಷ್ಟು ಅಂತ ಬರೆದು ಕೈಗೆ ಕೊಡುತ್ತೇನೆ. ಮೆಡಿಕೇರ್ ಮುಖ್ಯವಾಗಿ ವಯಸ್ಸಾದವರಿಗೆ ಇರುವ ಆರೋಗ್ಯ ವಿಮೆ, ಕೇಂದ್ರ ಸರ್ಕಾರದ್ದು, 2020ರ ಜನವರಿಯಿಂದ ಮೆಥಡೋನ್ ಕ್ಲಿನಿಕ್ಕಿಗೂ ದುಡ್ಡು ಕೊಡುತ್ತದೆ. ಆದರೆ ಆ ಕ್ಲಿನಿಕ್ ಮೆಡಿಕೇರಿನಲ್ಲಿ ನೋಂದಣಿ ಆಗಿರಬೇಕು. ಖಾಸಗಿ ವಿಮೆಯಾದರೆ ರೋಗಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಫೋನ್ ಮಾಡುತ್ತೇನೆ.

ಇನ್ನೂ ಒಂದು. ಗೆಸ್ಟ್ ಡೋಸಿಂಗ್ ಬೇಕೇ ಬೇಕಾ ಅಂತ ಮೊದಲು ಡಾಕ್ಟರನ್ನು ಕೇಳುತ್ತೇನೆ. 2024ರ ಕೇಂದ್ರ ನಿಯಮದ ಪ್ರಕಾರ, ಚಿಕಿತ್ಸೆ ಶುರುವಾಗಿ ತಿಂಗಳು ದಾಟಿದವರಿಗೆ, ಡಾಕ್ಟರು ಒಪ್ಪಿದರೆ, 28 ದಿನದವರೆಗಿನ ಡೋಸ್ ಮನೆಗೆ ಕೊಡಬಹುದು. ರಾಜ್ಯದ ನಿಯಮ ಇನ್ನೂ ಬಿಗಿ ಇರಬಹುದು, ನಿಜ. ಆದರೂ ಇದು ಆದರೆ ಬಿಲ್ ನಮ್ಮಲ್ಲೇ ಉಳಿಯುತ್ತದೆ, ರೋಗಿ ಗುರುತಿಲ್ಲದ ಕಿಟಕಿ ಮುಂದೆ ನಿಲ್ಲಬೇಕಿಲ್ಲ. ಅದೇ ಫ್ಲಾರಿಡಾದವರು ಮುಂದಿನ ಸಲ ತಾಯಿಯನ್ನು ನೋಡಲು ಹೋದದ್ದು ಬೀಗದ ಪೆಟ್ಟಿಗೆಯಲ್ಲಿ 14 ಬಾಟಲಿ ಇಟ್ಟುಕೊಂಡು. ವಿಮಾನದಲ್ಲಿ ಅದು ಕೈಚೀಲದಲ್ಲೇ ಇರಲಿ ಅಂತ ಎರಡೆರಡು ಸಲ ಹೇಳಿದ್ದೆ.

ಗೆಸ್ಟ್ ಡೋಸ್ ತೆಗೆದುಕೊಂಡವರು ವಾಪಸ್ ಬಂದ ಬೆಳಿಗ್ಗೆ ಸ್ವಲ್ಪ ಕಾಯಿಸುತ್ತೇನೆ. ಕೊನೆಯ ಡೋಸ್ ಯಾವತ್ತು, ಎಷ್ಟು ಅಂತ ಆ ಕ್ಲಿನಿಕ್ಕಿನಿಂದ ಬರಹದಲ್ಲಿ ಬರಬೇಕು. ಒಂದೇ ದಿನ ಎರಡು ಡೋಸ್ ಬಿದ್ದರೆ ಉಸಿರೇ ನಿಲ್ಲಬಹುದು, ನಡುವೆ ಕೆಲವು ದಿನ ತಪ್ಪಿದ್ದರೆ ಹಳೆಯ ಡೋಸೇ ಜಾಸ್ತಿ ಆಗಬಹುದು. ಕೆಲವರು ಗೊಣಗುತ್ತಾರೆ. ಒಂದು ಕುರ್ಚಿ ಕೊಟ್ಟು, ಫ್ಯಾಕ್ಸ್ ಬರುವವರೆಗೆ ಪ್ರಯಾಣ ಹೇಗಾಯಿತು ಅಂತ ಕೇಳುತ್ತೇನೆ.