ಒಂದು ವೋಲ್ಟಿನಲ್ಲಿ ಶ್ರುತಿ ಸೇರುವ ಫಿಲ್ಟರ್: ಚಿಪ್‌ನೊಳಗೆ ಕಟ್ಟುವುದು ಹೇಗೆ?

ಮಳೆಗಾಲದ ರಾತ್ರಿ ಆಗುಂಬೆಯ ಕಾಡಂಚಿನಲ್ಲಿ ನಿಂತರೆ ಕಪ್ಪೆಯ ವಟವಟ, ಜೀರುಂಡೆಯ ಚೀರು, ಎಲೆಯ ಮೇಲೆ ಬೀಳುವ ಹನಿಯ ಸದ್ದು ಎಲ್ಲವೂ ಒಟ್ಟಿಗೇ ಕೇಳುತ್ತವೆ. ಪುಟ್ಟ ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ನಡೆಯಬೇಕಾದ ಸಾಧನವೊಂದು ಇವುಗಳಲ್ಲಿ ಬೇಕಾದ ದನಿಯನ್ನಷ್ಟೇ ಹೆಕ್ಕಬೇಕಾದರೆ, 500 ಹರ್ಟ್ಸ್‌ನಿಂದ 5 ಕಿಲೊಹರ್ಟ್ಸ್‌ವರೆಗೆ ಶ್ರುತಿ ಬದಲಿಸಬಲ್ಲ, 1 ವೋಲ್ಟಿನಲ್ಲೇ ದುಡಿಯುವ ಅನಲಾಗ್ ಫಿಲ್ಟರ್ ಚಿಪ್‌ನೊಳಗಿರಬೇಕು. ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಉಚಿತವಾಗಿ ಸಿಗುವ ಎನ್‌ಜಿಸ್ಪೈಸ್ ಎಂಬ, ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಪರೀಕ್ಷಿಸುವ ತಂತ್ರಾಂಶದಲ್ಲಿ ಮಾಡಿ ನೋಡಬಹುದು.

ಮೊದಲು ಕೆಪಾಸಿಟರನ್ನು (ವಿದ್ಯುದಾವೇಶವನ್ನು ಹಿಡಿದಿಡುವ ಭಾಗವನ್ನು) ಆರಿಸಿಕೊಳ್ಳಿ. ಜಾಗ ತಿನ್ನುವುದು ಅದೇ. ಒಂದು ಚದರ ಮೈಕ್ರೊಮೀಟರಿಗೆ 2 ಫೆಮ್ಟೊಫ್ಯಾರಡ್ ಎಂದಿಟ್ಟುಕೊಂಡರೆ 10 ಪಿಕೊಫ್ಯಾರಡ್‌ಗೆ ಸುಮಾರು 70 ಮೈಕ್ರೊಮೀಟರ್ ಬದಿಯ ಚೌಕ ಬೇಕು. ಫಿಲ್ಟರಿನ ಆವರ್ತನವೆಂದರೆ ಟ್ರಾನ್ಸ್‌ಕಂಡಕ್ಟೆನ್ಸನ್ನು (ಒಳಬರುವ ವೋಲ್ಟೇಜು ಬದಲಾದಾಗ ಹೊರಬರುವ ಕರೆಂಟು ಎಷ್ಟು ಬದಲಾಗುತ್ತದೆ ಎಂಬ ಅಳತೆಯನ್ನು) 2π ಮತ್ತು ಕೆಪಾಸಿಟೆನ್ಸ್‌ಗಳ ಗುಣಲಬ್ಧದಿಂದ ಭಾಗಿಸಿದ್ದು. ಆದ್ದರಿಂದ 1 ಕಿಲೊಹರ್ಟ್ಸ್‌ಗೆ ಸುಮಾರು 63 ನ್ಯಾನೊಸೀಮೆನ್ಸ್ ಸಾಕು. ಟ್ರಾನ್ಸಿಸ್ಟರುಗಳನ್ನು ಸಬ್‌ಥ್ರೆಶೋಲ್ಡ್‌ನಲ್ಲಿ, ಅಂದರೆ ಅವು ಪೂರ್ತಿ ತೆರೆದುಕೊಳ್ಳುವ ವೋಲ್ಟೇಜಿಗಿಂತ ಕೆಳಗೆ, ನಡೆಸಿದರೆ, ಡಿಫರೆನ್ಷಿಯಲ್ ಜೋಡಿಗೆ (ಎರಡು ವೋಲ್ಟೇಜುಗಳ ವ್ಯತ್ಯಾಸವನ್ನು ಕರೆಂಟಾಗಿ ಬದಲಿಸುವ ಟ್ರಾನ್ಸಿಸ್ಟರ್ ಜೋಡಿಗೆ) ಕೊಡಬೇಕಾದ ಕರೆಂಟು ಸುಮಾರು 4.5 ನ್ಯಾನೊಆಂಪಿಯರ್ ಮಾತ್ರ. ಕರೆಂಟನ್ನು ಹತ್ತು ಪಟ್ಟು ಏರಿಸಿದರೆ ಆವರ್ತನವೂ ಹತ್ತು ಪಟ್ಟು ಏರುತ್ತದೆ. ನಮ್ಮ ಶ್ರುತಿಯ ಬಿರಡೆ ಈ ಕರೆಂಟೇ.

ಈ ಸ್ಥಿತಿಯಲ್ಲಿ ಪ್ರತಿ ಟ್ರಾನ್ಸಿಸ್ಟರಿಗೂ ಕನಿಷ್ಠ 0.1 ವೋಲ್ಟ್ ಉಳಿಯಬೇಕಾಗಿರುವುದರಿಂದ, ಒಂದರ ಮೇಲೊಂದು ಮೂರಕ್ಕಿಂತ ಹೆಚ್ಚು ಪೇರಿಸದಿರುವುದು ಲೇಸು. ಸರಳ ಜೋಡಿಯಲ್ಲಿ ಒಳಬರುವ ಸಂಕೇತ 12 ಮಿಲಿವೋಲ್ಟ್ ದಾಟುತ್ತಲೇ ಹೊರಬರುವ ಕರೆಂಟು ನೇರ ಅನುಪಾತದಿಂದ ಶೇ 1ಕ್ಕಿಂತ ಹೆಚ್ಚು ಬಾಗುತ್ತದೆ ಎಂಬುದನ್ನೂ ಮರೆಯಬಾರದು. ಮೈಕ್ ಆಂಪ್ಲಿಫೈಯರಿನ ಗೇನನ್ನು ಇದಕ್ಕೆ ತಕ್ಕಂತೆ ತಗ್ಗಿಸಿ.

ಹೆಚ್ಚಿನ ಶ್ರಮ ಸಲ್ಲಬೇಕಾದದ್ದು ಮುಂದಿನ ಹೆಜ್ಜೆಗೆ. ಕಾಗದದ ಮೇಲೆ 1 ಕಿಲೊಹರ್ಟ್ಸ್ ಬಂದದ್ದು ಚಿಪ್‌ನಲ್ಲಿ ಹಾಗೆಯೇ ಬರುವುದಿಲ್ಲ: ಕೆಪಾಸಿಟರ್ ತಯಾರಿಕೆಯಲ್ಲೇ ಶೇ 15ರಷ್ಟು ಆಚೀಚೆಯಾಗಬಹುದು, ಕರೆಂಟು ಸ್ಥಿರವಾಗಿದ್ದರೂ ತಾಪ 15ರಿಂದ 35 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಶ್ರುತಿ ಸುಮಾರು ಶೇ 6.5ರಷ್ಟು ಇಳಿಯುತ್ತದೆ. ಆದ್ದರಿಂದ ಅದೇ ಅಳತೆಯ ಟ್ರಾನ್ಸ್‌ಕಂಡಕ್ಟರ್ (ವೋಲ್ಟೇಜನ್ನು ಕರೆಂಟಾಗಿಸುವ ಸರ್ಕ್ಯೂಟು) ಮತ್ತು ಕೆಪಾಸಿಟರುಗಳಿಂದ ಪಕ್ಕದಲ್ಲೇ ಒಂದು ಆಸಿಲೇಟರ್ (ತಾನಾಗಿ ಮಿಡಿಯುತ್ತಿರುವ ಸರ್ಕ್ಯೂಟು) ಕಟ್ಟಿ, ಕೈಗಡಿಯಾರದ 32,768 ಹರ್ಟ್ಸ್ ಸ್ಫಟಿಕವನ್ನು 32ರಿಂದ ಭಾಗಿಸಿ ಪಡೆದ 1,024 ಹರ್ಟ್ಸ್‌ಗೆ ಅದು ಸರಿಹೊಂದುವವರೆಗೆ ಕರೆಂಟನ್ನು ತಿದ್ದಬೇಕು. ಅದೇ ಕರೆಂಟನ್ನು ಬೇಕಾದ ಅನುಪಾತದಲ್ಲಿ ಕರೆಂಟ್ ಮಿರರ್ (ಕರೆಂಟನ್ನು ನಕಲಿಸುವ ಸರ್ಕ್ಯೂಟು) ಮೂಲಕ ಫಿಲ್ಟರಿಗೆ ಹಂಚಿದರೆ ಎರಡೂ ದೋಷಗಳು ಒಟ್ಟಿಗೇ ತಿದ್ದಿಕೊಳ್ಳುತ್ತವೆ. ಈ ಹೋಲಿಕೆಯ ಸರ್ಕ್ಯೂಟು ಸದಾ ಎಚ್ಚರವಿರಬೇಕಿಲ್ಲ. ಕಾಡಿನ ತಾಪ ನಿಧಾನವಾಗಿ ಬದಲಾಗುವುದರಿಂದ ಹತ್ತು ನಿಮಿಷಕ್ಕೊಮ್ಮೆ ಎದ್ದು, ತಿದ್ದಿದ ಮೌಲ್ಯವನ್ನು ರಿಜಿಸ್ಟರಿನಲ್ಲಿ (ಚಿಪ್‌ನ ಪುಟ್ಟ ಸ್ಮೃತಿಕೋಶದಲ್ಲಿ) ಉಳಿಸಿ ಮತ್ತೆ ಮಲಗಿದರೆ ಸಾಕು.