ಪಿಯು ಕೋಟಿಂಗ್‌ನಲ್ಲಿ ಡಿಬಿಟಿಡಿಎಲ್: ನನ್ನ ಅನುಭವ

ಪೀಣ್ಯದಲ್ಲಿ ಮರದ ಬಾಗಿಲು, ಮೇಜು, ಕಪಾಟುಗಳಿಗೆ ಬಳಿಯುವ ಪಿಯು (ಪಾಲಿಯುರೆಥೇನ್) ಕೋಟಿಂಗ್ ತಯಾರಿಸುವುದು ನನ್ನ ಕೆಲಸ. ಎರಡು ಡಬ್ಬದಲ್ಲಿ ಬರುತ್ತದಲ್ಲ, ಆ ಬಗೆಯದು: ಒಂದರಲ್ಲಿ ಪಾಲಿಯಾಲ್ ಎಂಬ ರೆಸಿನ್, ಇನ್ನೊಂದರಲ್ಲಿ ಅದರ ಜೊತೆ ಸೇರಿ ಗಟ್ಟಿ ಮಾಡುವ ಐಸೊಸಯನೇಟ್ ಹಾರ್ಡನರ್. ಟಿಡಿಐ ಎಂಬ ಬಗೆಯ ಹಾರ್ಡನರ್ ಬೇಗ ಒಣಗುತ್ತದೆ, ಆದರೆ ಬೆಳಕು ಬಿದ್ದು ಬಿದ್ದು ಹಳದಿಯಾಗುತ್ತದೆ. ಬಿಳಿ ಬಾಗಿಲಿಗೆ ಅದು ಆಗಲ್ಲ. ಹಳದಿಯಾಗದ ಇನ್ನೊಂದು ಬಗೆ, ಎಚ್‌ಡಿಐ ಹಾರ್ಡನರ್, ತುಂಬಾ ನಿಧಾನ. ಹಾಗೇ ಬಿಟ್ಟರೆ ಮಾರನೆಯ ದಿನವೂ ಬೆರಳಿಗೆ ಅಂಟುತ್ತದೆ. ಅದನ್ನು ಓಡಿಸುವುದಕ್ಕೇ ಡಿಬಿಟಿಡಿಎಲ್ ಎಂಬ ಕ್ಯಾಟಲಿಸ್ಟ್, ಅಂದರೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು ಬೇಕು.

ಪೂರ್ತಿ ಹೆಸರು ಡೈಬ್ಯುಟೈಲ್‌ಟಿನ್ ಡೈಲಾರೇಟ್. ನಡುವೆ ಒಂದು ತವರದ ಪರಮಾಣು. ಅದಕ್ಕೆ ಎರಡು ಬ್ಯುಟೈಲ್ ಗುಂಪು, ಎರಡು ಲಾರೇಟ್ ಗುಂಪು. ತೂಕದಲ್ಲಿ ತವರ ಸುಮಾರು ಶೇ. 19. ನೋಡಲು ತಿಳಿ ಹಳದಿ ಎಣ್ಣೆ, ನೀರಿಗಿಂತ ಸ್ವಲ್ಪ ಭಾರ. ನೀರಲ್ಲಿ ಕರಗಲ್ಲ, ಬ್ಯುಟೈಲ್ ಅಸಿಟೇಟ್, ಟಾಲ್ವೀನ್ ಥರದ ಥಿನ್ನರ್‌ಗಳಲ್ಲಿ ಚೆನ್ನಾಗಿ ಕರಗುತ್ತದೆ. ಲಾರೇಟ್‌ನ ಮೂಲವಾದ ಲಾರಿಕ್ ಆಸಿಡ್ ಬರುವುದು ಕೊಬ್ಬರಿ ಎಣ್ಣೆ, ತಾಳೆ ಬೀಜದ ಎಣ್ಣೆಯಿಂದ. ಡಿಸೆಂಬರ್ ಬೆಳಿಗ್ಗೆ ಮನೆಯ ಕೊಬ್ಬರಿ ಎಣ್ಣೆ ಗಟ್ಟಿಯಾದ ದಿನ ನಮ್ಮ ಕ್ಯಾನ್ ಕೂಡ ಮಬ್ಬಾಗಿರುತ್ತದೆ, ಏಕೆಂದರೆ ಇದು ಕರಗುವುದೂ 22ರಿಂದ 24 ಡಿಗ್ರಿ ಹತ್ತಿರ. ಹಾಗಾದರೆ ಮಾಲು ಕೆಟ್ಟಿತು ಎಂದಲ್ಲ. ಕ್ಯಾನನ್ನು ಬಿಸಿನೀರಿನ ಬಕೆಟ್‌ನಲ್ಲಿಟ್ಟು, ಪೂರ್ತಿ ತಿಳಿಯಾದ ಮೇಲೆ ಅಲುಗಾಡಿಸಿ, ಆಮೇಲೆ ತೂಗುತ್ತೇನೆ. ಅರ್ಧ ಕರಗಿದ್ದನ್ನು ಬಳಸಲೇಬಾರದು.

ಎಲ್ಲ ಇರುವುದು ಅಳತೆಯಲ್ಲಿ. ನನ್ನ ಲೆಕ್ಕ ರೆಸಿನ್ ತೂಕದ ಶೇ. 0.02ರಿಂದ ಶುರುವಾಗುತ್ತದೆ. ಅಂದರೆ 10 ಕಿಲೋಗೆ 2 ಗ್ರಾಂ. ಅಷ್ಟು ಸಣ್ಣ ತೂಕವನ್ನು ಫ್ಯಾಕ್ಟರಿಯ ತಕ್ಕಡಿಯಲ್ಲಿ ನಂಬುವ ಹಾಗಿಲ್ಲ, ಒಂದು ಹನಿ ಜಾಸ್ತಿಯಾದರೂ ವ್ಯತ್ಯಾಸ ಕಾಣುತ್ತದೆ. ಅದಕ್ಕೇ ಮೊದಲು ಬ್ಯುಟೈಲ್ ಅಸಿಟೇಟ್‌ನಲ್ಲಿ ಶೇ. 1ರ ದ್ರಾವಣ ಮಾಡಿಕೊಳ್ಳುತ್ತೇನೆ. ಆಗ 2 ಗ್ರಾಂ ಬದಲು 200 ಗ್ರಾಂ ತೂಗಿದರಾಯಿತು. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆಲ್ಲ ನಾನು ಮೊದಲು ಹೇಳಿಕೊಡುವುದು ಇದನ್ನೇ. ದ್ರಾವಣವನ್ನು ಪಾಲಿಯಾಲ್ ಡಬ್ಬಕ್ಕೇ ಹಾಕಬೇಕು. ಹಾರ್ಡನರ್ ಡಬ್ಬಕ್ಕೆ ಹಾಕಿದರೆ ಸ್ವಲ್ಪ ತೇವ ಸೇರಿದರೂ ಅದು ಕಪಾಟಿನಲ್ಲೇ ಗಟ್ಟಿಯಾಗತೊಡಗುತ್ತದೆ.

ಬೇಗ ಒಣಗಲಿ ಅಂತ ಜಾಸ್ತಿ ಹಾಕಿಸಿಕೊಳ್ಳುವ ಗುತ್ತಿಗೆದಾರರು ಇದ್ದಾರೆ. ಹಾಗೆ ಮಾಡಿದರೆ ಮೇಲ್ಪದರ ಮೊದಲು ಮುಚ್ಚಿಕೊಳ್ಳುತ್ತದೆ, ಒಳಗಿನ ಥಿನ್ನರ್ ಹೊರಬರಲು ದಾರಿ ಹುಡುಕಿ ಸೂಜಿತೂತು ಮಾಡುತ್ತದೆ. ಮಳೆಗಾಲದಲ್ಲಿ ಇನ್ನೂ ಕಷ್ಟ. ಐಸೊಸಯನೇಟ್ ಗಾಳಿಯ ತೇವದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಗುಳ್ಳೆ ಬರುತ್ತದೆ. ಅಮೈನ್ ಎಂಬ ಬೇರೆ ಬಗೆಯ ಕ್ಯಾಟಲಿಸ್ಟ್‌ಗಳಿಗೆ ಹೋಲಿಸಿದರೆ ತವರ ನೀರಿನ ಕಡೆ ಕಡಿಮೆ, ಪಾಲಿಯಾಲ್ ಕಡೆ ಜಾಸ್ತಿ ವಾಲುತ್ತದೆ. ಕೋಟಿಂಗ್‌ನವರು ಇದನ್ನು ಬಿಡದಿರುವುದಕ್ಕೆ ಅದೂ ಒಂದು ಕಾರಣ. ಡಬ್ಬದಲ್ಲಿ ಬೆರೆಸಿದ ಮಾಲು ಬೇಗ ಗಟ್ಟಿಯಾಗುತ್ತಿದ್ದರೆ ಸ್ವಲ್ಪ ಅಸಿಟೈಲ್‌ಅಸಿಟೋನ್ ಸೇರಿಸುತ್ತೇನೆ. ಅದು ತವರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಳಿದ ಮೇಲೆ ಆರಿಹೋಗುತ್ತದೆ, ತವರ ಮತ್ತೆ ಕೆಲಸಕ್ಕಿಳಿಯುತ್ತದೆ. ಎಷ್ಟು ಸೊಗಸಾದ ಉಪಾಯ ಅಲ್ವಾ!

ಇದೇ ಎಣ್ಣೆ ಬೇರೆ ಕಡೆಯೂ ಇದೆ. ಕೇಬಲ್ ಫ್ಯಾಕ್ಟರಿಗಳಲ್ಲಿ ಸಿಲೇನ್ ಎಂಬ ಸಿಲಿಕಾನ್ ಸಂಯುಕ್ತ ಜೋಡಿಸಿದ ಪಾಲಿಎಥಿಲೀನನ್ನು ಬಿಸಿನೀರಿನಲ್ಲಿ ಬಲಪಡಿಸಲು, ಅಚ್ಚು ಮಾಡುವ ಸಿಲಿಕೋನ್ ರಬ್ಬರ್ ಗಟ್ಟಿ ಮಾಡಲು, ಪಿವಿಸಿ ಶಾಖಕ್ಕೆ ಕೆಡದಂತೆ ಕಾಯಲು. ಕೋಳಿಗಳ ಲಾಡಿಹುಳುವಿಗೆ ಔಷಧಿಯಾಗಿಯೂ ಬಳಸಿದ್ದುಂಟು.

ಇನ್ನು ವಿಷದ ಮಾತು. ಹಡಗಿನ ಬಣ್ಣದಲ್ಲಿದ್ದ, ಮೂರು ಬ್ಯುಟೈಲ್ ಗುಂಪಿನ ಟ್ರೈಬ್ಯುಟೈಲ್‌ಟಿನ್ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯ ಸಿಂಪಿಗಳನ್ನು ಹಾಳುಮಾಡಿತು. 1982ರಲ್ಲಿ ಆ ದೇಶ ಸಣ್ಣ ದೋಣಿಗಳಿಗೆ ಅದನ್ನು ನಿಲ್ಲಿಸಿತು. ಹಡಗುಗಳ ಮೇಲಿನ ಜಾಗತಿಕ ನಿಷೇಧ ಜಾರಿಯಾದದ್ದು 2008ರಲ್ಲಿ. ನಮ್ಮದರಲ್ಲಿ ಬ್ಯುಟೈಲ್ ಗುಂಪು ಎರಡೇ, ಆದ್ದರಿಂದ ಅಷ್ಟು ಘೋರವಲ್ಲ. ಹಾಗಂತ ನಿರುಪದ್ರವಿಯೂ ಅಲ್ಲ. ಚರ್ಮ ಸುಡುತ್ತದೆ, ಗರ್ಭದ ಮಗುವಿಗೆ ಹಾನಿ ಮಾಡಬಲ್ಲದು, ಯುರೋಪಿನಲ್ಲಿ ಅದೇ ವರ್ಗದಲ್ಲಿದೆ. ಜನಸಾಮಾನ್ಯರಿಗೆ ಮಾರುವ ವಸ್ತುಗಳಲ್ಲಿ ಡೈಬ್ಯುಟೈಲ್‌ಟಿನ್‌ನಿಂದ ಬರುವ ತವರ ಶೇ. 0.1 ಮೀರಬಾರದು ಎಂದು ಅಲ್ಲಿ 2012ರಿಂದ ನಿಯಮವಿದೆ. ನಾನು ಶುರು ಮಾಡುವ ಶೇ. 0.02ರ ಅಳತೆಯಲ್ಲಿ ತವರ ಶೇ. 0.004ರಷ್ಟೂ ಬರುವುದಿಲ್ಲ. ಅಪಾಯ ಇರುವುದು ಕ್ಯಾನ್ ತೆರೆಯುವವನ ಕೈಗೆ. ನೈಟ್ರೈಲ್ ಕೈಗವಸು, ಕನ್ನಡಕ ಇಲ್ಲದೆ ನಮ್ಮಲ್ಲಿ ಯಾರಿಗೂ ಅದನ್ನು ಮುಟ್ಟಲು ಬಿಡುವುದಿಲ್ಲ. ಗರ್ಭಿಣಿಯರಿಗೆ ಆ ಕೋಣೆಗೇ ಪ್ರವೇಶವಿಲ್ಲ. ಪಾತ್ರೆ ತೊಳೆದ ಥಿನ್ನರ್ ಮೋರಿಗೆ ಹೋಗುವುದಿಲ್ಲ, ಬೇರೆ ಡ್ರಮ್ಮಿಗೆ ಹೋಗುತ್ತದೆ.

ಮಕ್ಕಳ ಮಂಚ, ತೊಟ್ಟಿಲಿನ ಆರ್ಡರ್‌ಗಳಿಗೆ ಈಗ ಬಿಸ್ಮತ್ ನಿಯೋಡೆಕನೋಯೇಟ್ ಎಂಬ ತವರವಿಲ್ಲದ ಕ್ಯಾಟಲಿಸ್ಟ್‌ಗೆ ಬದಲಾಗುತ್ತಿದ್ದೇನೆ. ತವರಕ್ಕಿಂತ ಸ್ವಲ್ಪ ಜಾಸ್ತಿ ಹಾಕಬೇಕು, ಬೆಲೆಯೂ ಏರುತ್ತದೆ. ತೇವ ತಾಗಿದರೆ ಬಿಸ್ಮತ್ ಬೇಗ ಮಂಕಾಗುತ್ತದೆ, ಹಾಗಾಗಿ ಸಣ್ಣ ಬಾಟಲಿಗಳಲ್ಲೇ ತರಿಸಿ, ತೆರೆದದ್ದನ್ನು ಬೇಗ ಮುಗಿಸುತ್ತೇನೆ.