ಎಂಟು ಜನ, ಒಂದು ಹಬ್ಬದ ಊಟ

ಆ ವರ್ಷ ದೀಪಾವಳಿಗೆ ನಾವು ಮನೆಯಲ್ಲಿರಲಿಲ್ಲ. ದಾವಣಗೆರೆಯಿಂದ ಒಂದು ಗಾಡಿ ಮಾಡಿಕೊಂಡು ಎಂಟು ಜನ ಕರಾವಳಿಗೆ ಹೊರಟಿದ್ದೆವು. ನಾನು, ನಮ್ಮ ಮನೆಯವರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಅತ್ತೆ, ನಾದಿನಿ, ಅವಳ ಗಂಡ, ಅವರ ಹತ್ತು ತಿಂಗಳ ಕೂಸು. ಅತ್ತೆಗೆ ಶುಗರ್ ಇದೆ, ಮಂಡಿ ನೋವಿದೆ. ಮಾಂಸ, ಮೀನು ಬಿಟ್ಟು ವರ್ಷಗಳಾದವು. ಹಬ್ಬದ ದಿನ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಉಳಿದವರು ಮಂಗಳೂರಿಗೆ ಹೊರಟಿದ್ದೇ ಮೀನಿಗಾಗಿ!

ನರಕ ಚತುರ್ದಶಿಯ ಮಧ್ಯಾಹ್ನ ಮಂಗಳೂರಿನಲ್ಲಿದ್ದೆವು. ಫೋನಿನಲ್ಲಿ ಹುಡುಕಿ, ನಾಲ್ಕೂವರೆ ಸ್ಟಾರ್ ಇದ್ದ ಹೋಟೆಲಿಗೆ ಹೋದೆವು. ವೆಜ್ಜೂ ಇದೆ, ಫ್ಯಾಮಿಲಿ ರೂಮೂ ಇದೆ ಅಂತ ಬರೆದಿತ್ತು. ಫ್ಯಾಮಿಲಿ ರೂಮು ಎರಡನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಮೆಟ್ಟಿಲ ಮೇಲೇ ಮುಕ್ಕಾಲು ಗಂಟೆ ಕ್ಯೂ. ಒಳಗೆ ಹೋದ ಮೇಲೆ ಬಡಿಸುವವನು "ಬೆಳ್ತಿಗೆಯಾ, ಕುಚ್ಚಲಕ್ಕಿಯಾ?" ಅಂದ. (ಬೆಳ್ತಿಗೆ ಅಂದರೆ ನಾವು ದಿನಾ ಉಣ್ಣುವ ಬಿಳಿ ಅಕ್ಕಿ, ಕುಚ್ಚಲಕ್ಕಿ ಅಂದರೆ ಭತ್ತವನ್ನು ಬೇಯಿಸಿ ಮಾಡಿದ ಅಕ್ಕಿ.) ನಮ್ಮ ಮನೆಯವರು "ಯಾವುದಾದ್ರೂ ಸರಿ" ಅಂದುಬಿಟ್ಟರು. ದಪ್ಪ ದಪ್ಪ ಕುಚ್ಚಲಕ್ಕಿ ಅನ್ನ ಬಂತು. ಮಗ ಎರಡು ಅಗುಳು ಬಾಯಿಗೆ ಹಾಕಿಕೊಂಡು, "ಅಮ್ಮಾ, ಇದು ಅನ್ನ ಅಲ್ಲ" ಅಂತ ತೀರ್ಪು ಕೊಟ್ಟ. ಪಕ್ಕದ ಟೇಬಲ್ಲಿಗೆ ಮೀನಿನ ತಟ್ಟೆಗಳು ಹೋಗುತ್ತಲೇ ಇದ್ದವು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಮೊಸರನ್ನ ಉಂಡರು. "ಹಬ್ಬದ ದಿನ ಹಿಂಗಾ ಉಣ್ಣೋದು?" ಅಂದಿದ್ದು ಒಂದೇ ಮಾತು. ಅಷ್ಟು ಸಾಕಾಯಿತು.

ಹೋಟೆಲಿನ ತಪ್ಪೇನಲ್ಲ ಬಿಡಿ, ಮೀನು ಚೆನ್ನಾಗಿಯೇ ಇತ್ತು. ಆ ಸ್ಟಾರ್ ಕೊಟ್ಟವರ ಜೊತೆ ಅತ್ತೆ ಇರಲಿಲ್ಲ, ಅಷ್ಟೇ.

ಆವತ್ತು ರಾತ್ರಿ ನಾದಿನಿಯೂ ನಾನೂ ಕೂತು ಒಂದು ತೀರ್ಮಾನ ಮಾಡಿದೆವು. ಎಲ್ಲರಿಗೂ ಹಿಡಿಸುವ ಒಂದೇ ಹೋಟೆಲ್ ಹುಡುಕುವುದು ಬೇಡ. ಪಾಡ್ಯದ ಊಟ ಅತ್ತೆಯ ಲೆಕ್ಕದಲ್ಲಿ, ಉಡುಪಿಯಲ್ಲಿ. ಮೀನು ಮಾರನೇ ದಿನ, ಬೇಕಾದವರಿಗೆ ಮಾತ್ರ.

ಉಡುಪಿ ಅಂದರೆ ಕೃಷ್ಣ ಮಠದಲ್ಲೇ ಊಟ ಮಾಡಬಹುದಲ್ಲ ಅನ್ನಬಹುದು ನೀವು. ನಾವೂ ಹಾಗೇ ಅಂದುಕೊಂಡಿದ್ದೆವು. ಆದರೆ ಪಂಕ್ತಿಯಲ್ಲಿ ನೆಲದ ಮೇಲೆ ಕೂರುವುದು ಅತ್ತೆಗೆ ಆಗದು. ಹಬ್ಬದ ಜನಜಂಗುಳಿ ಬೇರೆ. (ಮಠದ ಊಟಕ್ಕೇ ಹೋಗುವವರು ಪಂಚಾಂಗ ನೋಡಿಕೊಳ್ಳಿ. ಏಕಾದಶಿ ದಿನ ಅಲ್ಲಿ ಊಟ ಇರುವುದಿಲ್ಲ.) ಹಾಗಾಗಿ ಅಮಾವಾಸ್ಯೆಯ ದಿನ ಕನಕನ ಕಿಂಡಿಯಲ್ಲಿ ದೇವರನ್ನು ನೋಡಿಕೊಂಡು ಬಂದು, ಲಾಡ್ಜಿನಲ್ಲಿ ಕೂತು ಫೋನ್ ಹಚ್ಚಿದೆ.

ಲಾಡ್ಜಿನ ಕೌಂಟರಿನಲ್ಲಿ ಕೇಳಿದರೆ ಅವರ ಭಾವನ ಹೋಟೆಲಿನ ಹೆಸರು ಹೇಳಿದರು. ಅತ್ತೆಯ ಮಾತ್ರೆ ತರಲು ಹೋದ ಮೆಡಿಕಲ್ ಶಾಪಿನವರ ಮಾತು ಜಾಸ್ತಿ ಉಪಯೋಗಕ್ಕೆ ಬಂತು. "ಹಬ್ಬಕ್ಕೆ ಹುಡುಗರು ಊರಿಗೆ ಹೋಗ್ತಾರೆ ಮಾರಾಯ್ರೆ, ಕೆಲವು ಹೋಟೆಲು ಬಂದ್ ಇರ್ತದೆ. ಫೋನ್ ಮಾಡಿಯೇ ಹೋಗಿ." ಹೊರಗಿನಿಂದ ಬಂದ ನಮಗೆ ಇದು ಹೊಳೆದಿರಲೇ ಇಲ್ಲ.

ಐದು ಹೋಟೆಲಿಗೆ ಫೋನ್ ಮಾಡಿದೆ, ಸಂಜೆ ನಾಲ್ಕೂವರೆಗೆ. ಊಟದ ಹೊತ್ತಿನಲ್ಲಿ ಮಾಡಿದರೆ ಗದ್ದಲದಲ್ಲಿ "ಹಾಂ, ಉಂಟು, ಬನ್ನಿ" ಅಂತ ಇಟ್ಟುಬಿಡುತ್ತಾರೆ. ಎರಡು ಕಡೆ ಪಾಡ್ಯಕ್ಕೆ ಬಾಗಿಲು ಹಾಕುತ್ತೇವೆ ಅಂದರು. ಒಂದು ಕಡೆ ಯಾರೂ ಎತ್ತಲಿಲ್ಲ. ಉಳಿದ ಎರಡು ಕಡೆ ಈರುಳ್ಳಿಯ ಪ್ರಶ್ನೆ ಕೇಳಿದೆ. ಮಠದ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲ ನಿಜ. ಆದರೆ ಉಡುಪಿ ಹೋಟೆಲ್ ಅಂದ ಮಾತ್ರಕ್ಕೆ ಹಾಗಲ್ಲ, ಮಸಾಲೆ ದೋಸೆಯ ಪಲ್ಯಕ್ಕೇ ಈರುಳ್ಳಿ ಬೀಳುತ್ತದಲ್ವಾ? ನಾನು "ಈರುಳ್ಳಿ ಹಾಕ್ತೀರಾ?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ "ಇಲ್ಲ" ಅನ್ನುವುದು ಸುಲಭ. "ಈರುಳ್ಳಿ ಇಲ್ಲದ್ದು ಏನೇನಿದೆ?" ಅಂತ ಕೇಳಿದೆ. ಒಬ್ಬರು "ಎಲ್ಲಾ ಉಂಟು, ನೀವು ಬನ್ನಿ" ಅಂದರು. ಇನ್ನೊಬ್ಬರು ಒಂದು ಕ್ಷಣ ಯೋಚಿಸಿ ಎಣಿಸತೊಡಗಿದರು. "ಕೋಸಂಬರಿ, ತೊವ್ವೆ, ಸಾರು, ಸೌತೆಯ ಕೊದ್ದೆಲ್ (ಹುಳಿ), ಅನನಾಸಿನ ಮೆಣಸ್ಕಾಯಿ (ಗೊಜ್ಜು). ಪಾಯಸ ಉಂಟು. ಸಾಗು ಮಾತ್ರ ಅಮ್ಮನಿಗೆ ಬೇಡ, ಅದಕ್ಕೆ ಈರುಳ್ಳಿ ಉಂಟು." ಏನು ತಿನ್ನಬಾರದು ಅಂತ ಕೇಳದೆಯೇ ಹೇಳಿದರಲ್ಲ, ಅಲ್ಲೇ ನನ್ನ ಹುಡುಕಾಟ ಮುಗಿಯಿತು.

ಉಳಿದದ್ದು ಸಣ್ಣಪುಟ್ಟದ್ದು. ಮೆಟ್ಟಿಲು ಎಷ್ಟು? ಮೂರೇ. ಬೆಳ್ತಿಗೆ ಅನ್ನ ಇದೆಯಾ? ಉಂಟು. ಎಂಟು ಜನರಿಗೆ ಜಾಗ ಕಾದಿರಿಸುತ್ತೀರಾ? "ಹಬ್ಬದ ದಿನ ಅದೆಲ್ಲ ಆಗುವುದಿಲ್ಲ. ಹನ್ನೆರಡಕ್ಕೆ ಬನ್ನಿ, ಎರಡು ಟೇಬಲ್ ಸೇರಿಸಿ ಕೊಡುವ. ಒಂದು ಗಂಟೆಗೆ ಬಂದ್ರೆ ನಾನು ಜನ ಅಲ್ಲ." ಅಂದರೆ, ಆಮೇಲೆ ನನ್ನನ್ನು ಕೇಳಬೇಡಿ ಅಂತ. ಕೂಸಿಗೆ ಎತ್ತರದ ಕುರ್ಚಿ ಇದೆಯಾ ಅಂತ ಕೇಳಿದ್ದಕ್ಕೆ ಮಾತ್ರ ನಕ್ಕರು. "ಅಜ್ಜಿಯ ತೊಡೆ ಉಂಟಲ್ಲ ಮಾರಾಯ್ರೆ!"

ಪಾಡ್ಯದ ದಿನ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಒಳಗೆ ಹೋದೆವು. "ದಾವಣಗೆರೆಯವರಾ?" ಅಂತ ಕೌಂಟರಿನಿಂದಲೇ ದನಿ ಬಂತು. ಗೋಡೆ ಬದಿಯ ಬೆಂಚು ಕೊಟ್ಟರು. ಅಲ್ಲಿ ಶಾಲು ಹಾಸಿ ಕೂಸನ್ನು ಮಲಗಿಸಿದೆವು. ಅದರ ರಾಗಿ ಸರಿ ನಾವೇ ಫ್ಲಾಸ್ಕಿನಲ್ಲಿ ಒಯ್ದಿದ್ದೆವು. ಬಾಳೆಎಲೆ ಬಿತ್ತು. ಒಗ್ಗರಣೆ ತೆಂಗಿನೆಣ್ಣೆಯದು. ಅತ್ತೆ ಮೊದಲು ಮೂಸಿ, "ಇದು ತಲೆಗೆ ಹಚ್ಚೋದಲ್ವೇನೇ?" ಅಂತ ನನ್ನ ಕಿವಿಯಲ್ಲಿ ಅಂದರು. ಆಮೇಲೆ ಮೆಣಸ್ಕಾಯಿಯನ್ನು ಮೂರು ಸಲ ಹಾಕಿಸಿಕೊಂಡರು. ಅನನಾಸು, ಬೆಲ್ಲ ಎರಡೂ ಇರುವ ಸಿಹಿ, ಹುಳಿ, ಖಾರದ ಗೊಜ್ಜು ಅದು. ಶುಗರಿನ ಮಾತು ಎತ್ತಲು ನನಗೆ ಧೈರ್ಯ ಬರಲಿಲ್ಲ, ಹಬ್ಬ ಅಂತ ಸುಮ್ಮನಾದೆ. ಪಾಯಸವನ್ನು ಅವರೇ ಬೇಡ ಅಂದರು. ಮಗ ತೊವ್ವೆ ಅನ್ನಕ್ಕೆ ತುಪ್ಪ ಹಾಕಿಸಿಕೊಂಡು ಎಲೆ ಖಾಲಿ ಮಾಡಿದ. ನಾವು ಕೈ ತೊಳೆದು ಹೊರಬರುವಾಗ ಬಾಗಿಲಲ್ಲಿ ಸುಮಾರು ಮೂವತ್ತು ಜನ ನಿಂತಿದ್ದರು.

ಹೋಟೆಲಿನ ಹೆಸರು ಬೇಕಂತಲೇ ಹೇಳುತ್ತಿಲ್ಲ. ಮುಂದಿನ ಹಬ್ಬಕ್ಕೆ ಅಡುಗೆಯವರು ಬದಲಾದರೆ ನೀವು ನನಗೆ ಬೈಯುತ್ತೀರಿ.

ಮಾರನೇ ದಿನ ಅತ್ತೆ, ನಾದಿನಿ, ಕೂಸು ರೂಮಿನಲ್ಲಿ ಉಳಿದರು. ಉಳಿದವರು ಮಲ್ಪೆ ಕಡೆ ಹೋಗಿ ಮೀನೂಟ ಮಾಡಿದೆವು. ಮಕ್ಕಳಿಗೆ ಅಂಜಲ್ (ಸುರ್ಮೈ ಮೀನು) ರವಾ ಫ್ರೈ ಹೇಳಿ. ನಡುಮುಳ್ಳು ಬಿಟ್ಟರೆ ಮುಳ್ಳು ಕಮ್ಮಿ, ಖಾರವೂ ಕಮ್ಮಿ. ಬಂಗುಡೆ ರುಚಿ, ಆದರೆ ಸಣ್ಣ ಮಕ್ಕಳಿಗೆ ಮುಳ್ಳು ಬಿಡಿಸಿ ಕೊಡುವಷ್ಟರಲ್ಲಿ ನಿಮ್ಮ ಊಟ ಆರಿರುತ್ತದೆ. ಅಂಜಲ್ ರೇಟನ್ನು ತುಂಡಿನ ಗಾತ್ರ ನೋಡಿ ಹಾಕುವುದುಂಟು, ಮೊದಲೇ ಕೇಳಿ. ಇನ್ನು ಜೂನ್, ಜುಲೈನಲ್ಲಿ ಹೋದರೆ ಯಂತ್ರದ ದೋಣಿಗಳಿಗೆ 61 ದಿನ ಮೀನುಗಾರಿಕೆ ನಿಷೇಧ ಇರುತ್ತದೆ, ತಾಜಾ ಮೀನು ಕಮ್ಮಿ.

ಸಂಜೆ ಎಲ್ಲರೂ ಮಠದ ಸುತ್ತಲಿನ ರಥಬೀದಿಗೆ ಬಂದು ಗೋಳಿಬಜೆ (ಮೈದಾ ಬೋಂಡಾ), ಬನ್ಸ್ (ಬಾಳೆಹಣ್ಣಿನ ಪೂರಿ) ತಿಂದೆವು. ಅಲ್ಲಿಂದ ಮಕ್ಕಳ ಹಟಕ್ಕೆ ಗಡ್‌ಬಡ್ ಐಸ್‌ಕ್ರೀಮ್. ಉದ್ದ ಗ್ಲಾಸಿನೊಳಗೆ ಹಣ್ಣು, ಜೆಲ್ಲಿ, ಗೋಡಂಬಿ, ಐಸ್‌ಕ್ರೀಮ್ ಪದರ ಪದರವಾಗಿ ಕಾಣುತ್ತಿತ್ತು. ಅತ್ತೆ ಕನ್ನಡಕ ಸರಿಮಾಡಿಕೊಂಡು ಅದನ್ನೇ ನೋಡಿದರು. "ಇದರಲ್ಲಿ ಈರುಳ್ಳಿ ಇಲ್ಲ ತಾನೇ?" ಅಂತ ಕೇಳಿ, ನನ್ನ ಉತ್ತರಕ್ಕೆ ಕಾಯದೆ ಮೊಮ್ಮಗನ ಚಮಚ ಕಿತ್ತುಕೊಂಡರು.